ಬೇರೆಯವರಿಗೆ ಆಗಿದೆ, ನನಗಾಗಿಲ್ಲ: ಕೆಲಸದ ಜಾಗದ ಲಿಂಗ ತಾರತಮ್ಯ ಕಣ್ಣಿಗೆ ಬೀಳದಿರುವುದೇಕೆ?

ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮನವರು ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಸೇವೆಗೆ ಸೇರುವಾಗಲೇ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂಬ ಮುಚ್ಚಳಿಕೆಗೆ ಅವರು ಸಹಿ ಹಾಕಬೇಕಾಯಿತು. 1961ರ ಸೇವಾ ನಿಯಮಗಳಲ್ಲಿ ಇದೇ ಧೋರಣೆ ಅಚ್ಚಾಯಿತು. ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯ ನಂತರ ಸಂಸಾರದ ಹೊಣೆಗಳು ಕೆಲಸಕ್ಕೆ ಅಡ್ಡಿಯಾಗುತ್ತವೆಂದು ಸರ್ಕಾರಕ್ಕೆ ಅನ್ನಿಸಿದರೆ ಆಕೆಯಿಂದ ರಾಜೀನಾಮೆ ಕೇಳಬಹುದು. ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ. ಮುಂದೆ ಬಡ್ತಿ ತಪ್ಪಿದಾಗ ಮುತ್ತಮ್ಮನವರು ನೇರವಾಗಿ ಸುಪ್ರೀಂ ಕೋರ್ಟಿನ ಮೊರೆ ಹೋದರು. 1979ರಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಮದುವೆಯಾದ ಹೆಣ್ಣಿನಿಂದ ಸರ್ಕಾರಕ್ಕೆ ಯಾವ ಅಪಾಯವಿದೆಯೋ ಅದೇ ಅಪಾಯ ಮದುವೆಯಾದ ಗಂಡಿನಿಂದಲೂ ಇದೆಯಲ್ಲವೇ ಎಂಬ ಸರಳವಾದ ಮಾತನ್ನು ಮುಂದಿಟ್ಟು ಆ ನಿಯಮಗಳ ಸ್ತ್ರೀದ್ವೇಷವನ್ನು ಖಂಡಿಸಿದರು.

ಮುತ್ತಮ್ಮನವರ ಅರ್ಜಿಯಲ್ಲಿ ಎರಡು ದೂರುಗಳಿದ್ದವು. ಒಂದು, ಪುಸ್ತಕದಲ್ಲಿ ಅಚ್ಚಾಗಿದ್ದ ನಿಯಮಗಳ ಬಗ್ಗೆ. ಇನ್ನೊಂದು, ಅರ್ಹತೆ ಸಾಲದೆಂದು ಹೇಳಿ ತಮಗೆ ಬಡ್ತಿ ತಪ್ಪಿಸಿದ್ದರ ಬಗ್ಗೆ. ಮೊದಲನೆಯದು ಓದು ಬಲ್ಲ ಯಾರಿಗೆ ಬೇಕಾದರೂ ಕಾಣುವಂಥದ್ದು. ಸರ್ಕಾರವೂ ಅದನ್ನು ಅಲ್ಲಗಳೆಯಲು ಹೋಗದೆ, ಒಂದು ನಿಯಮವನ್ನು ಆಗಲೇ ತೆಗೆದಿದ್ದೇವೆ, ಇನ್ನೊಂದನ್ನು ತೆಗೆಯುತ್ತಿದ್ದೇವೆ ಎಂದು ಹೇಳಿತು. ಎರಡನೆಯ ದೂರು ಅಷ್ಟು ಸುಲಭದ್ದಲ್ಲ. ಅರ್ಹತೆಯನ್ನು ಅಳೆದವರ ಮನಸ್ಸಿನಲ್ಲಿ ಏನಿತ್ತು, ಆ ಅಳತೆಯಲ್ಲಿ ಆಕೆ ಹೆಣ್ಣೆಂಬುದು ಎಷ್ಟು ತೂಗಿತು ಎಂಬುದನ್ನು ಯಾವ ಕಡತದಲ್ಲೂ ಬರೆದಿಟ್ಟಿರುವುದಿಲ್ಲ. ಕೆಲವು ತಿಂಗಳ ಹಿಂದೆ ಅರ್ಹರಲ್ಲವೆನಿಸಿಕೊಂಡಿದ್ದ ಅಧಿಕಾರಿ, ಅರ್ಜಿ ಹಾಕಿದ ಮೇಲೆ ಅರ್ಹರೆನಿಸಿಕೊಂಡು ಬಡ್ತಿ ಪಡೆದರು. ಮೊಕದ್ದಮೆ ಹೂಡಿದ್ದರಿಂದಲೇ ಹೀಗಾಯಿತೇ ಎಂಬ ಪ್ರಶ್ನೆಯನ್ನು ನ್ಯಾಯಾಲಯ ಎತ್ತಿತಾದರೂ, ನ್ಯಾಯ ಸಿಕ್ಕಿದ ಮೇಲೆ ಇನ್ನೂ ಕೆದಕಬೇಕಾಗಿಲ್ಲವೆಂದು ಅಲ್ಲಿಗೇ ಬಿಟ್ಟಿತು.

ನಿಯಮದಲ್ಲಿ ಬರೆದಿಟ್ಟ ತಾರತಮ್ಯ ಅಂದಿನಿಂದ ಇಂದಿಗೆ ಬಹುಮಟ್ಟಿಗೆ ಕಡಿಮೆಯಾಗಿದೆ. ಮೊದಲ ಬಸಿರಿಗೇ ಗಗನಸಖಿಯರನ್ನು ಕೆಲಸದಿಂದ ತೆಗೆಯುತ್ತಿದ್ದ ಏರ್ ಇಂಡಿಯಾದ ನಿಯಮವನ್ನು 1981ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಉಳಿದುಕೊಂಡಿರುವುದು ಎರಡನೆಯ ಬಗೆ, ಅಂದರೆ ಒಬ್ಬರ ಯೋಗ್ಯತೆಯ ಬಗ್ಗೆ ಇನ್ನೊಬ್ಬರು ತೆಗೆದುಕೊಳ್ಳುವ ತೀರ್ಮಾನದೊಳಗೆ ಸೇರಿಕೊಂಡಿರುವ ತಾರತಮ್ಯ. ಈ ಬಗೆಯ ತಾರತಮ್ಯ ಇರುವುದು ಬೇರೆ, ಅದು ಇದೆಯೆಂದು ಯಾರಿಗಾದರೂ ಅನ್ನಿಸುವುದು ಬೇರೆ. ನಮ್ಮ ಕಚೇರಿಗಳಲ್ಲಿ ಈ ಎರಡನ್ನೂ ಒಂದೇ ಎಂದು ಭಾವಿಸುವ ರೂಢಿಯಿದೆ. ‘ನಮ್ಮಲ್ಲಿ ಒಬ್ಬ ಹೆಂಗಸೂ ದೂರು ಕೊಟ್ಟಿಲ್ಲ, ಆದ್ದರಿಂದ ನಮ್ಮಲ್ಲಿ ಅದು ಇಲ್ಲ’ ಎಂಬ ಮಾತನ್ನು ಒಳ್ಳೆಯ ಮನಸ್ಸಿನ ಮೇಲಧಿಕಾರಿಗಳೂ ಹೇಳುತ್ತಾರೆ. ಈ ಮಾತು ಏಕೆ ನಿಲ್ಲುವುದಿಲ್ಲ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಮನೋವಿಜ್ಞಾನಿ ಫೇ ಕ್ರಾಸ್ಬಿ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂಟನ್ ಎಂಬ ಊರಿನ ಉದ್ಯೋಗಸ್ಥರನ್ನು ಸಂದರ್ಶಿಸಿ 1982ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಒಂದು ಮೈಲಿಗಲ್ಲು. ಸಮಾನ ಸ್ಥಾನದ ಕೆಲಸಗಳಲ್ಲಿದ್ದರೂ ಅಲ್ಲಿನ ಮಹಿಳೆಯರು ಗಂಡಸರಿಗಿಂತ ಕಡಿಮೆ ಸಂಬಳ ಪಡೆಯುತ್ತಿದ್ದರು. ದುಡಿಯುವ ಹೆಂಗಸರಿಗೆ ಅನ್ಯಾಯವಾಗುತ್ತಿದೆಯೇ ಎಂದು ಕೇಳಿದರೆ ಹೌದೆನ್ನುತ್ತಿದ್ದರು, ಅದರ ಬಗ್ಗೆ ಸಿಟ್ಟನ್ನೂ ತೋರುತ್ತಿದ್ದರು. ನಿಮಗೆ ಆಗಿದೆಯೇ ಎಂದು ಕೇಳಿದರೆ ಮಾತ್ರ, ಇಲ್ಲ, ನನಗೇನೂ ಆಗಿಲ್ಲ ಎಂಬ ಉತ್ತರ ಬರುತ್ತಿತ್ತು. ಪ್ರತಿಯೊಬ್ಬಳೂ ತನ್ನನ್ನು ಮಾತ್ರ ಹೊರತುಪಡಿಸಿ ಉಳಿದ ಹೆಂಗಸರೆಲ್ಲರಿಗೂ ಅನ್ಯಾಯವಾಗಿದೆ ಎಂದರೆ ಲೆಕ್ಕ ಕೂಡುವುದಿಲ್ಲ. ಆ ‘ಉಳಿದವರು’ ಎಲ್ಲಿದ್ದಾರೆ? ಮುಂದೆ ಬೇರೆ ಬೇರೆ ಸಂಶೋಧಕರು ಬೇರೆ ಬೇರೆ ಸಮುದಾಯಗಳಲ್ಲೂ ಇದೇ ವಿನ್ಯಾಸವನ್ನು ಕಂಡರು.

ಕ್ರಾಸ್ಬಿ ಇದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಭಾವನೆಗೆ ಸೇರಿದ್ದು. ನನಗೆ ಅನ್ಯಾಯವಾಗಿದೆ ಎಂದು ಒಪ್ಪಿಕೊಂಡರೆ, ಅದನ್ನು ಮಾಡಿದವರು ಯಾರೆಂದೂ ಹೇಳಬೇಕಾಗುತ್ತದೆ. ದಿನವೂ ಜೊತೆಯಲ್ಲಿ ಕಾಫಿ ಕುಡಿಯುವ, ಮಗುವಿನ ಹುಟ್ಟುಹಬ್ಬಕ್ಕೆ ಮನೆಗೆ ಬಂದು ಹೋಗುವ ಮೇಲಧಿಕಾರಿಯನ್ನು ಆ ಜಾಗದಲ್ಲಿ ಕಲ್ಪಿಸಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಇನ್ನೊಂದು ಕಾರಣ ಲೆಕ್ಕಕ್ಕೆ ಸೇರಿದ್ದು, ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಮುಖ್ಯವಾದುದು. ಒಂದು ಕಾಲ್ಪನಿಕ ಸಂಸ್ಥೆಯನ್ನು ತೆಗೆದುಕೊಳ್ಳೋಣ. ಅದಕ್ಕೆ ಹತ್ತು ಶಾಖೆಗಳಿವೆ, ಪ್ರತಿ ಶಾಖೆಯಲ್ಲೂ ಒಂದೇ ಹುದ್ದೆಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಇದ್ದಾರೆ. ಮೊದಲ ಶಾಖೆಯಲ್ಲಿ ಆಕೆಯ ಸಂಬಳ ಎರಡು ಸಾವಿರ ಕಡಿಮೆ, ಆದರೆ ಆತ ಒಂದು ವರ್ಷ ಮೊದಲೇ ಸೇರಿದವನು. ಎರಡನೆಯ ಶಾಖೆಯಲ್ಲಿ ಆಕೆಯೇ ಮೊದಲು ಸೇರಿದವಳು, ಆದರೆ ಆತ ಎಂ.ಬಿ.ಎ. ಮಾಡಿದ್ದಾನೆ. ಮೂರನೆಯ ಶಾಖೆಯಲ್ಲಿ ಎಂ.ಬಿ.ಎ. ಮಾಡಿದವಳು ಆಕೆ, ಆದರೆ ಆತ ಹೊರರಾಜ್ಯದ ಕೆಲಸಕ್ಕೆ ಹೋಗಿ ಬಂದವನು. ಹೀಗೆ ಪ್ರತಿ ಜೋಡಿಯಲ್ಲೂ ವ್ಯತ್ಯಾಸಕ್ಕೆ ಒಂದಲ್ಲ ಒಂದು ಸಮಜಾಯಿಷಿ ಸಿಗುತ್ತದೆ, ಮತ್ತು ಆ ಸಮಜಾಯಿಷಿ ಸುಳ್ಳೂ ಅಲ್ಲ. ಹತ್ತು ಶಾಖೆಗಳ ಪಟ್ಟಿಯನ್ನು ಒಟ್ಟಿಗೆ ಹರಡಿ, ಸೇವೆಯ ವರ್ಷ, ಓದು, ಅನುಭವ ಎಲ್ಲವನ್ನೂ ಕೂಡಿ ಸರಾಸರಿ ತೆಗೆದಾಗ ಮಾತ್ರ ಎರಡೂ ಕಡೆ ಯೋಗ್ಯತೆ ಸಮವಾಗಿದ್ದು ಸಂಬಳ ಮಾತ್ರ ಒಂದೇ ಕಡೆಗೆ ವಾಲಿರುವುದು ಕಾಣುತ್ತದೆ. 1986ರಲ್ಲಿ ಕ್ರಾಸ್ಬಿ ಮತ್ತು ಸಂಗಡಿಗರು ಇದನ್ನು ಪ್ರಯೋಗದಲ್ಲೇ ತೋರಿಸಿದರು. ಅದೇ ಮಾಹಿತಿಯನ್ನು ಬಿಡಿಬಿಡಿಯಾಗಿ ಕೊಟ್ಟಾಗ ಜನರಿಗೆ ತಾರತಮ್ಯ ಕಾಣಲಿಲ್ಲ, ಒಟ್ಟುಗೂಡಿಸಿ ಕೊಟ್ಟಾಗ ಕಂಡಿತು.

ಇದರ ಅರ್ಥ ಗಂಭೀರವಾದುದು. ಒಬ್ಬ ಉದ್ಯೋಗಿಗೆ ಕಾಣುವುದು ತನ್ನ ಒಂದು ಶಾಖೆ, ತನ್ನ ಒಂದು ಜೋಡಿ. ಬಹಳಷ್ಟು ಖಾಸಗಿ ಸಂಸ್ಥೆಗಳಲ್ಲಿ ಆ ಜೋಡಿಯೂ ಪೂರ್ತಿ ಕಾಣುವುದಿಲ್ಲ, ಏಕೆಂದರೆ ಪಕ್ಕದವನ ಸಂಬಳವನ್ನು ಕೇಳುವುದು ಸಭ್ಯತೆಯಲ್ಲ, ತನ್ನದನ್ನು ಹೇಳುವುದಕ್ಕೆ ಎಷ್ಟೋ ಕಡೆ ನೇಮಕಾತಿ ಪತ್ರದಲ್ಲೇ ನಿರ್ಬಂಧ. ಅಮೆರಿಕದ ಅಲಬಾಮಾ ರಾಜ್ಯದ ಗುಡ್‌ಇಯರ್ ಟೈರ್ ಕಾರ್ಖಾನೆಯಲ್ಲಿ 1979ರಿಂದ 1998ರವರೆಗೆ ದುಡಿದ ಲಿಲಿ ಲೆಡ್‌ಬೆಟರ್ ಅವರ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ನಿವೃತ್ತಿ ಹತ್ತಿರವಾದಾಗ, ಯಾರೋ ಹೆಸರು ಹಾಕದೆ ಇಟ್ಟುಹೋದ ಒಂದು ಚೀಟಿ ಅವರ ಕೈಸೇರಿತು. ಅದರಲ್ಲಿ ಅವರದೂ, ಅದೇ ಕೆಲಸ ಮಾಡುತ್ತಿದ್ದ ಮೂವರು ಗಂಡಸರದೂ ಸಂಬಳ ಬರೆದಿತ್ತು. ಅವರ ತಿಂಗಳ ಸಂಬಳ 3,727 ಡಾಲರ್. ಅದೇ ಹುದ್ದೆಯ ಗಂಡಸರಲ್ಲಿ ಅತಿ ಕಡಿಮೆ ಪಡೆಯುತ್ತಿದ್ದವನದು 4,286, ಅತಿ ಹೆಚ್ಚಿನದು 5,236. ವರ್ಷಗಟ್ಟಲೆ ಆ ತಾರತಮ್ಯ ಅವರ ಸಂಬಳದ ಚೀಟಿಯಲ್ಲೇ ಇತ್ತು, ಆದರೆ ಒಂದೇ ಅಂಕಿ ನೋಡಿದವರಿಗೆ ಅದು ಕಾಣುವ ದಾರಿಯಿರಲಿಲ್ಲ. ಸಂಬಳದ ತಪ್ಪು ತೀರ್ಮಾನವಾದ 180 ದಿನಗಳೊಳಗೆ ದೂರು ಕೊಡಬೇಕಿತ್ತೆಂದು ಅಲ್ಲಿನ ಸುಪ್ರೀಂ ಕೋರ್ಟ್ 2007ರಲ್ಲಿ ಐದು-ನಾಲ್ಕರ ಬಹುಮತದಿಂದ ಅವರ ವಿರುದ್ಧ ತೀರ್ಪಿತ್ತಿತು. ತನಗೇ ತಿಳಿಯದ ಅನ್ಯಾಯದ ಬಗ್ಗೆ ಆರು ತಿಂಗಳಲ್ಲಿ ದೂರು ಕೊಡುವುದು ಹೇಗೆ? ಆ ಪ್ರಶ್ನೆಯ ಬಿಸಿಯಿಂದಲೇ 2009ರಲ್ಲಿ, ತಾರತಮ್ಯದ ಪ್ರತಿ ಸಂಬಳವನ್ನೂ ಹೊಸ ತಪ್ಪೆಂದು ಎಣಿಸುವ, ಅವರದೇ ಹೆಸರಿನ ಕಾಯ್ದೆ ಬಂತು.

ಸಂಬಳವಾದರೂ ಅಂಕಿ, ಹೋಲಿಸಲು ಬರುತ್ತದೆ. ಯೋಗ್ಯತೆಯ ಬಗ್ಗೆ ಆಡುವ ಮಾತನ್ನು ಹೋಲಿಸುವುದು ಇನ್ನೂ ಕಷ್ಟ. 2012ರಲ್ಲಿ ಪ್ರಕಟವಾದ, ಕೊರಿನ್ ಮಾಸ್-ರಕೂಸಿನ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ 127 ವಿಜ್ಞಾನ ಅಧ್ಯಾಪಕರಿಗೆ ಪ್ರಯೋಗಾಲಯದ ಮೇಲ್ವಿಚಾರಕ ಹುದ್ದೆಯ ಒಂದು ಅರ್ಜಿಯನ್ನು ಕೊಡಲಾಯಿತು. ಅರ್ಜಿಯ ಅಕ್ಷರಕ್ಷರವೂ ಒಂದೇ. ಅರ್ಧ ಜನರಿಗೆ ಹೋದುದರಲ್ಲಿ ಜಾನ್ ಎಂಬ ಹೆಸರು, ಉಳಿದವರದರಲ್ಲಿ ಜೆನಿಫರ್. ಜಾನ್ ಹೆಚ್ಚು ಸಮರ್ಥನಾಗಿ ಕಂಡ. ಅವನಿಗೆ ಸೂಚಿಸಿದ ವಾರ್ಷಿಕ ಸಂಬಳ ಸರಾಸರಿ 30,238 ಡಾಲರ್, ಜೆನಿಫರ್‌ಗೆ 26,508. ಈ ಒಲವು ಮಹಿಳಾ ಅಧ್ಯಾಪಕರಲ್ಲೂ ಗಂಡಸರಲ್ಲಿದ್ದಷ್ಟೇ ಇತ್ತು. ಜೆನಿಫರ್ ಎಂಬವಳು ನಿಜವಾಗಿದ್ದಿದ್ದರೆ ತನ್ನ ಅರ್ಜಿ ತಿರಸ್ಕೃತವಾದುದಕ್ಕೆ ಏನು ಕಾರಣ ಕೊಟ್ಟುಕೊಳ್ಳುತ್ತಿದ್ದಳು? ಅಂಕ ಸ್ವಲ್ಪ ಕಡಿಮೆಯಾಯಿತೇನೋ, ಇನ್ನೂ ಚೆನ್ನಾಗಿ ಬರೆಯಬೇಕಿತ್ತೇನೋ ಎಂದುಕೊಳ್ಳುತ್ತಿದ್ದಳು. ಜಾನ್‌ನ ಅರ್ಜಿ ಅವಳಿಗೆ ಕಾಣುವುದೇ ಇಲ್ಲ. ಆಯ್ಕೆ ಮಾಡಿದವರಿಗೂ ತಾವು ತಪ್ಪು ಮಾಡಿದೆವೆಂದು ಅನ್ನಿಸುವುದಿಲ್ಲ, ಏಕೆಂದರೆ ಅವರ ಮುಂದಿದ್ದುದೂ ಒಂದೇ ಅರ್ಜಿ. ಅನ್ಯಾಯ ಮಾಡಿದವರಿಗೂ ಅರಿವಿಲ್ಲ, ಅನ್ಯಾಯಕ್ಕೆ ಒಳಗಾದವರಿಗೂ ಅರಿವಿಲ್ಲ, ಅನ್ಯಾಯ ಮಾತ್ರ ನಡೆದಿದೆ.

ತೀರ್ಮಾನಕ್ಕೆ ಬಳಸುವ ಮಾತುಗಳಲ್ಲೇ ಈ ಓರೆ ಅಡಗಿರುತ್ತದೆ. ಪ್ರೈಸ್ ವಾಟರ್‌ಹೌಸ್ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ 1982ರಲ್ಲಿ ಪಾಲುದಾರಿಕೆಗೆ ಸೂಚಿತರಾದ 88 ಮಂದಿಯಲ್ಲಿ ಆ್ಯನ್ ಹಾಪ್ಕಿನ್ಸ್ ಒಬ್ಬರೇ ಮಹಿಳೆ. ಅವರ ಕೆಲಸವನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಹೆಣ್ಣಿನಂತೆ ನಡೆಯಲು, ಹೆಣ್ಣಿನಂತೆ ಮಾತಾಡಲು, ಒಡವೆ ತೊಡಲು ಅವರಿಗೆ ಸಲಹೆ ಕೊಡಲಾಯಿತು. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹೆಣ್ಣು ಹೀಗಿರಬೇಕೆಂಬ ಪೂರ್ವಕಲ್ಪನೆಯಿಂದ ಉದ್ಯೋಗಿಯನ್ನು ಅಳೆಯುವುದೂ ತಾರತಮ್ಯವೇ ಎಂದು ಒಪ್ಪಿತು. ನಮ್ಮ ಕಚೇರಿಗಳ ಕನ್ನಡಕ್ಕೆ ಕಿವಿಗೊಟ್ಟರೂ ಇದು ಕೇಳಿಸುತ್ತದೆ. ಕೆಳಗಿನವರಿಂದ ಗದರಿಸಿ ಕೆಲಸ ತೆಗೆಯುವ ಗಂಡಸನ್ನು ‘ಖಡಕ್ ಆಫೀಸರ್’ ಎನ್ನುತ್ತೇವೆ. ಅದೇ ಕೆಲಸ ಮಾಡುವ ಹೆಂಗಸು ‘ತುಂಬಾ ಜೋರು’, ಬೆನ್ನ ಹಿಂದೆ ‘ಗಂಡುಬೀರಿ’, ‘ಬಜಾರಿ’. ಗಂಡಸಿಗೆ ‘ಹೆಣ್ಣಿಗ’ ಎಂಬ ಬೈಗುಳವಿದೆ, ನಿಜ, ಆದರೆ ಅದು ದುಡಿಮೆಯಲ್ಲಿ ಕಟ್ಟುನಿಟ್ಟಾಗಿರುವುದಕ್ಕೆ ಸಿಗುವುದಿಲ್ಲ. ಮೃದುವಾಗಿದ್ದರೆ ಅಧಿಕಾರ ನಡೆಸಲು ಬಾರದವಳು, ಗಟ್ಟಿಯಾಗಿದ್ದರೆ ಹೆಣ್ಣಿನ ಲಕ್ಷಣವಿಲ್ಲದವಳು. ವರ್ಷಕ್ಕೊಮ್ಮೆ ಅಪ್ರೈಸಲ್‌ನಲ್ಲಿ ಈ ಮಾತು ‘ಎಲ್ಲರನ್ನೂ ಜೊತೆಗೆ ಕರೆದೊಯ್ಯುವ ಗುಣ ಬೆಳೆಸಿಕೊಳ್ಳಬೇಕು’ ಎಂಬ ಸಭ್ಯ ರೂಪ ತಾಳುತ್ತದೆ, ಮತ್ತು ಅದನ್ನು ಓದಿದವಳು ತನ್ನ ಸ್ವಭಾವದಲ್ಲೇ ಕೊರತೆಯಿದೆಯೆಂದು ನಂಬುತ್ತಾಳೆ.

ಪೀಣ್ಯದ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ ಹದಿನೈದು ವರ್ಷ ಹೊಲಿದಿರುವ ಒಬ್ಬ ಹೆಣ್ಣುಮಗಳೊಂದಿಗೆ ಮಾತಾಡಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ಕಾಲರ್ ಕೂಡಿಸುವುದು, ತೋಳು ಕೂಡಿಸುವುದು ಮುಂತಾಗಿ ಅಂಗಿಯ ಕಷ್ಟದ ಭಾಗಗಳನ್ನೆಲ್ಲ ಬಲ್ಲವರು. ಹೊಸದಾಗಿ ಬಂದ ಹುಡುಗನೊಬ್ಬನಿಗೆ ಮೆಷಿನ್‌ಗೆ ದಾರ ಪೋಣಿಸುವುದರಿಂದ ಹಿಡಿದು ಕೆಲಸ ಕಲಿಸಿದ್ದು ಅವರೇ. ನಾಲ್ಕು ವರ್ಷದಲ್ಲಿ ಆ ಹುಡುಗ ಅವರ ಲೈನಿಗೇ ಸೂಪರ್‌ವೈಸರ್ ಆಗಿ ಬಂದು, ಗಂಟೆಗೊಮ್ಮೆ ಪೀಸು ಎಣಿಸಿ ಟಾರ್ಗೆಟ್ ಕೇಳುತ್ತಿದ್ದ. ನಿಮ್ಮನ್ನೇಕೆ ಸೂಪರ್‌ವೈಸರ್ ಮಾಡಲಿಲ್ಲ ಎಂದು ಕೇಳಿದೆ. ‘ಅವನು ಜೋರು ಮಾಡಿ ಪ್ರೊಡಕ್ಷನ್ ತೆಗೀತಾನಕ್ಕಾ, ನಮ್ಮ ಕೈಲಾಗುತ್ತಾ? ಶಿಪ್‌ಮೆಂಟ್ ಇದ್ದರೆ ರಾತ್ರಿ ನಿಲ್ಲಬೇಕು, ಮನೇಲಿ ಮಕ್ಕಳಿಗೆ ಯಾರು ಬೇಯಿಸಿ ಹಾಕ್ತಾರೆ?’ ಎಂದರು. ಇದು ಅನ್ಯಾಯವಲ್ಲವೇ ಎಂದಾಗ ನಕ್ಕು, ‘ನಮ್ಮಲ್ಲಿ ಬೇರೆಯವರಿಗೆಲ್ಲ ಬಹಳ ಕಷ್ಟ ಅಕ್ಕಾ, ನನಗೆ ಏನೂ ತೊಂದರೆ ಇಲ್ಲ’ ಎಂದರು. ನ್ಯೂಟನ್ ಊರಿನ ಮಹಿಳೆಯರ ಉತ್ತರವೇ ಪೀಣ್ಯದಲ್ಲೂ ಸಿಕ್ಕಿತ್ತು. ಆದರೆ ಆ ಮಾತಿನಲ್ಲಿ ತಿಳಿಗೇಡಿತನವಿದೆಯೆಂದು ಭಾವಿಸಿದರೆ ಅದು ನಮ್ಮ ತಪ್ಪು. ಸೂಪರ್‌ವೈಸರ್ ಕೆಲಸವೆಂದರೆ ಬೈದು ದುಡಿಸುವುದು ಮತ್ತು ರಾತ್ರಿ ನಿಲ್ಲುವುದು ಎಂದು ಆ ಹುದ್ದೆಯನ್ನು ಕಟ್ಟಿರುವಾಗ, ಅದು ತನ್ನದಲ್ಲವೆಂದು ಆಕೆ ಲೆಕ್ಕ ಹಾಕಿರುವುದು ಸರಿಯಾಗಿಯೇ ಇದೆ. ಸಾವಿರಾರು ಹೆಂಗಸರು ಹೊಲಿಯುವ ಉದ್ಯಮದಲ್ಲಿ ಮೇಲ್ವಿಚಾರಣೆ ಬಹುತೇಕ ಗಂಡಸರ ಕೈಯಲ್ಲೇ ಏಕಿದೆ ಎಂಬ ಪ್ರಶ್ನೆ ಒಬ್ಬ ಹೆಣ್ಣುಮಗಳ ಬದುಕಿನೊಳಗಿನಿಂದ ಹುಟ್ಟುವುದು ಕಷ್ಟ. ಅದು ಎಲ್ಲ ಲೈನುಗಳನ್ನೂ ಒಟ್ಟಿಗೆ ನೋಡಿದಾಗ ಹುಟ್ಟುವ ಪ್ರಶ್ನೆ.

ಹಳ್ಳಿಯಲ್ಲಿ ಇದಕ್ಕೂ ಸ್ಪಷ್ಟವಾದ ಚಿತ್ರವಿದೆ. ‘ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು’ ಎಂದು ಕೂಲಿಯ ದರವನ್ನು ಎರಡಾಗಿ ಹೇಳುವುದು ನಮ್ಮ ಬೇಸಾಯದ ಭಾಷೆಯಲ್ಲೇ ಬೆರೆತಿದೆ. ಇಲ್ಲಿ ತಾರತಮ್ಯವೇನೂ ಗುಟ್ಟಲ್ಲ, ಎಲ್ಲರೆದುರೇ ಎರಡು ಲೆಕ್ಕದಲ್ಲಿ ದುಡ್ಡು ಎಣಿಸಿ ಕೊಡುತ್ತಾರೆ. ಆದರೂ ಅದು ತಾರತಮ್ಯವೆನಿಸದೆ ಪದ್ಧತಿಯೆನಿಸುತ್ತದೆ. ನಾಟಿ, ಕಳೆ, ಹೂವು ಬಿಡಿಸುವುದು ಹೆಣ್ಣಾಳಿನ ಕೆಲಸ. ಗುಂಡಿ ತೆಗೆಯುವುದು, ಔಷಧಿ ಹೊಡೆಯುವುದು, ಮೂಟೆ ಹೊರುವುದು ಗಂಡಾಳಿನದು. ಗಂಡಾಳಿನದು ಗಟ್ಟಿ ಕೆಲಸ, ಆದ್ದರಿಂದ ಕೂಲಿ ಹೆಚ್ಚು. ಕೆಸರಿನಲ್ಲಿ ದಿನವಿಡೀ ಸೊಂಟ ಬಗ್ಗಿಸಿ ನಾಟಿ ಹಾಕುವುದು ಹಗುರ ಎಂದು ತೀರ್ಮಾನಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ. 1976ರ ಸಮಾನ ವೇತನ ಕಾಯ್ದೆಯೂ, ಅದನ್ನು ಒಳಗೊಂಡ 2019ರ ವೇತನ ಸಂಹಿತೆಯೂ ಸಮಾನ ಸಂಬಳವನ್ನು ಕೇಳುವುದು ಒಂದೇ ಕೆಲಸಕ್ಕೆ ಅಥವಾ ಒಂದೇ ಬಗೆಯ ಕೆಲಸಕ್ಕೆ. ಕೆಲಸವನ್ನೇ ಹೆಣ್ಣಿನದು, ಗಂಡಿನದು ಎಂದು ಬೇರೆ ಮಾಡಿಬಿಟ್ಟರೆ ಹೋಲಿಸಲು ಜೋಡಿಯೇ ಉಳಿಯುವುದಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಕೆರೆ ಹೂಳೆತ್ತುವ, ಬದು ಹಾಕುವ ಕೆಲಸಗಳಿಗೆ ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಬಂದಾಗ, ಗ್ರಾಮೀಣ ಹೆಂಗಸರ ಮುಂದೆ ಅಂಥ ಒಂದು ಹೋಲಿಕೆ ನಿಂತಿತು. ಅಲ್ಲಿ ಸಮಾನವಾದ ಕೈಗಳು ಪಕ್ಕದ ಹೊಲದಲ್ಲಿ ಏಕೆ ಕಡಿಮೆ ಎಂಬ ಪ್ರಶ್ನೆಗೆ ಅದು ನೆಲ ಒದಗಿಸಿತು.

ಕಚೇರಿಯಲ್ಲೂ ಹೆಸರು ಬದಲಿಸಿ ಕೆಲಸವನ್ನು ಬೇರೆ ಮಾಡಬಹುದು. ಮುಂಬೈಯ ಮೆಕಿನನ್ ಮೆಕೆಂಜಿ ಕಂಪನಿಯ ಶೀಘ್ರಲಿಪಿಗಾರ್ತಿ ಆಡ್ರಿ ಡಿಕೋಸ್ಟಾ ಅವರ ಪ್ರಕರಣದಲ್ಲಿ, ಹಿರಿಯ ಅಧಿಕಾರಿಗಳ ಬಳಿ ಕೆಲಸ ಮಾಡುವ ಗೌಪ್ಯ ಮಹಿಳಾ ಶೀಘ್ರಲಿಪಿಗಾರರ ವರ್ಗವೇ ಬೇರೆ, ಆದ್ದರಿಂದ ಗಂಡಸರ ಸಂಬಳದೊಂದಿಗೆ ಹೋಲಿಸುವಂತಿಲ್ಲ ಎಂದು ಕಂಪನಿ ವಾದಿಸಿತು. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ, ನೋಡಬೇಕಾದುದು ಹುದ್ದೆಯ ಹೆಸರನ್ನಲ್ಲ, ನಿಜವಾಗಿ ಮಾಡುವ ಕೆಲಸವನ್ನು ಎಂದು ಹೇಳಿತು.

ಎಲ್ಲರಿಗೂ ಒಂದೇ ಅಳತೆಗೋಲು ಇಟ್ಟರೆ ತಾರತಮ್ಯ ಇರಲಾರದು ಎಂಬ ನಂಬಿಕೆಯೂ ನಮ್ಮ ಕಣ್ಣಿಗೆ ಪರದೆಯಾಗುತ್ತದೆ. ಸೇನೆಯ ಮಹಿಳಾ ಅಧಿಕಾರಿಗಳಿಗೆ ಕಾಯಂ ಹುದ್ದೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದ ಮೇಲೆ, ಗಂಡಸರಿಗೆ ಇದ್ದ ಅದೇ ದೇಹದಾರ್ಢ್ಯದ ಮಾನದಂಡವನ್ನು ಅವರಿಗೂ ಇಡಲಾಯಿತು. ಮೇಲ್ನೋಟಕ್ಕೆ ಇದು ಸಮಾನತೆ. ಆದರೆ ಗಂಡಸರು ಆ ಪರೀಕ್ಷೆ ಎದುರಿಸಿದ್ದು ಯೌವನದಲ್ಲಿ. ಅವಕಾಶವೇ ತಡವಾಗಿ ಸಿಕ್ಕಿದ ಅನೇಕ ಮಹಿಳೆಯರು ಎದುರಿಸಬೇಕಾದದ್ದು ನಡುವಯಸ್ಸಿನಲ್ಲಿ. ಅವರ ಹಳೆಯ ವಾರ್ಷಿಕ ವರದಿಗಳನ್ನೂ, ಹೇಗೂ ಇವರು ಕಾಯಂ ಆಗುವವರಲ್ಲ ಎಂಬ ಭಾವದಿಂದ ಅಷ್ಟಕ್ಕಷ್ಟೇ ಬರೆದಿದ್ದರು. ಈ ಅಧಿಕಾರಿಗಳು ಹೂಡಿದ ನಿತೀಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಕೊಟ್ಟ ತೀರ್ಪು ಇದನ್ನು ಪರೋಕ್ಷ ತಾರತಮ್ಯವೆಂದು ಕರೆದು, ಉದ್ದೇಶಕ್ಕಿಂತ ಪರಿಣಾಮವನ್ನು ನೋಡಬೇಕೆಂದು ವಿವರಿಸಿತು. ಯಾರ ಮನಸ್ಸಿನಲ್ಲೂ ಕೇಡಿಲ್ಲದಿದ್ದರೂ ತಾರತಮ್ಯ ನಡೆಯಬಲ್ಲುದೆಂಬುದನ್ನು ನಮ್ಮ ನ್ಯಾಯಾಂಗವೇ ಒಪ್ಪಿಕೊಂಡಿತು ಎಂಬ ಕಾರಣಕ್ಕೆ ಈ ತೀರ್ಪು ಬಹಳ ದೊಡ್ಡದು.

ಇನ್ನು, ಗೊತ್ತಾದ ಮೇಲೂ ಹೇಳದಿರುವ ವಿಚಾರ. ಜೂಲಿ ವುಡ್‌ಜಿಕ್ಕಾ ಮತ್ತು ಮೇರಿಯಾನ್ ಲಾಫ್ರಾನ್ಸ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುವತಿಯರಿಗೆ ಒಂದು ಕೆಲಸದ ಸಂದರ್ಶನವನ್ನು ಕಲ್ಪಿಸಿಕೊಳ್ಳಲು ಹೇಳಲಾಯಿತು. ಗಂಡಸೊಬ್ಬ, ನಿನಗೆ ಗೆಳೆಯನಿದ್ದಾನೆಯೇ, ನೀನು ಆಕರ್ಷಕವಾಗಿದ್ದೀಯೆಂದು ಜನ ಹೇಳುತ್ತಾರೆಯೇ ಎಂಬಂಥ ಪ್ರಶ್ನೆ ಕೇಳಿದರೆ ಏನು ಮಾಡುತ್ತೀರಿ? ಹೆಚ್ಚಿನವರು ಉತ್ತರ ಕೊಡಲು ನಿರಾಕರಿಸುತ್ತೇವೆ, ಎದುರುತ್ತರ ಕೊಡುತ್ತೇವೆ ಎಂದರು. ಬಳಿಕ ಬೇರೊಂದು ಗುಂಪಿನ ಯುವತಿಯರನ್ನು, ನಿಜವಾದ ಕೆಲಸವೆಂದೇ ನಂಬಿಸಿ, ಸಂದರ್ಶನಕ್ಕೆ ಕರೆದು ಅವೇ ಪ್ರಶ್ನೆಗಳನ್ನು ಕೇಳಿದರು. ಒಬ್ಬರೂ ಉತ್ತರಿಸಲು ನಿರಾಕರಿಸಲಿಲ್ಲ. ಕಲ್ಪಿಸಿಕೊಂಡವರಿಗೆ ಸಿಟ್ಟು ಬಂದಿತ್ತು. ಕುರ್ಚಿಯ ಮೇಲೆ ನಿಜವಾಗಿ ಕೂತವರಿಗೆ ಬಂದದ್ದು ಹೆಚ್ಚಾಗಿ ಭಯ. ‘ಆಗಲೇ ಏಕೆ ಹೇಳಲಿಲ್ಲ’ ಎಂದು ಕೇಳುವ ನಾವೆಲ್ಲರೂ ಕಲ್ಪಿಸಿಕೊಂಡವರ ಗುಂಪಿಗೆ ಸೇರಿದವರು. ನಮ್ಮ ಕಡೆಯ ಸಂದರ್ಶನಗಳಲ್ಲಿ ಇದರ ಸೌಮ್ಯ ರೂಪ ಎಲ್ಲರಿಗೂ ಪರಿಚಿತ: ‘ಮದುವೆ ಯಾವಾಗ ಮಾಡಿಕೊಳ್ತೀರಮ್ಮ?’, ‘ಮಗುವನ್ನು ಯಾರು ನೋಡಿಕೊಳ್ತಾರೆ?’, ‘ಯಜಮಾನರಿಗೆ ವರ್ಗವಾದರೆ ನೀವೂ ಹೋಗ್ತೀರಾ?’ ಕೇಳಿದವರ ದನಿಯಲ್ಲಿ ಅಕ್ಕರೆಯೇ ಇರುತ್ತದೆ. ಅಕ್ಕರೆಗೆ ಸಿಟ್ಟಾಗುವುದು ಹೇಗೆಂದು ತಿಳಿಯದೆ ಮುಗುಳ್ನಕ್ಕು, ‘ಅತ್ತೆ ಇದ್ದಾರೆ ಸರ್’ ಎಂದು ಉತ್ತರಿಸುತ್ತಾರೆ. ಅದೇ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂತು ಹೋದ ಇಬ್ಬರು ಮಕ್ಕಳ ತಂದೆಯನ್ನು ಮಗುವಿನ ಬಗ್ಗೆ ಯಾರೂ ಕೇಳಿರುವುದಿಲ್ಲ.

ಆ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಶೆಲ್ಲಿ ಕೊರೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯೋಗ್ಯತೆ ಸಮವಾಗಿದ್ದರೂ ತಾಯಿಯೆಂದು ಗೊತ್ತಾದ ಅಭ್ಯರ್ಥಿ ಕಡಿಮೆ ಸಮರ್ಥಳು, ಕೆಲಸಕ್ಕೆ ಕಡಿಮೆ ನಿಷ್ಠೆಯುಳ್ಳವಳು ಎನಿಸಿದಳು. ತಂದೆಯೆಂದು ಗೊತ್ತಾದವನಿಗೆ ಇಂಥ ನಷ್ಟವಾಗಲಿಲ್ಲ. ಭಾರತದಲ್ಲಿ 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಾಯಿತು, 50 ಅಥವಾ ಹೆಚ್ಚು ಮಂದಿಯಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಇದು ಅಗತ್ಯವಾದ ಕಾನೂನು. ಆದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬಾರದ ಉದ್ಯೋಗಿಗಳ ರಜೆಯ ಸಂಬಳದ ಪೂರ್ತಿ ಭಾರ ಮಾಲೀಕನದೇ ಆಗಿರುವುದರಿಂದ, ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವುದು ದುಬಾರಿ ಎಂಬ ಲೆಕ್ಕಾಚಾರ ಸಣ್ಣ ಸಂಸ್ಥೆಗಳಲ್ಲಿ ಹುಟ್ಟುತ್ತದೆ. ಕೆಲಸ ಸಿಗದೇ ಹೋದವಳಿಗೆ ಈ ಲೆಕ್ಕಾಚಾರ ತಿಳಿಯುವುದೇ ಇಲ್ಲ.

ಪ್ಯೂ ಸಂಶೋಧನಾ ಕೇಂದ್ರದ 2017ರ ಸಮೀಕ್ಷೆಯಲ್ಲಿ ಅಮೆರಿಕದ ದುಡಿಯುವ ಮಹಿಳೆಯರಲ್ಲಿ ಶೇ. 42ರಷ್ಟು ಮಂದಿ ಕೆಲಸದ ಜಾಗದಲ್ಲಿ ಲಿಂಗ ತಾರತಮ್ಯವನ್ನು ಅನುಭವಿಸಿದ್ದಾಗಿ ಹೇಳಿದರು, ಗಂಡಸರಲ್ಲಿ ಶೇ. 22. ಅದೇ ಕೆಲಸಕ್ಕೆ ಕಡಿಮೆ ಸಂಬಳ ಪಡೆದಿದ್ದೇವೆ ಎಂದವರು ಮಹಿಳೆಯರಲ್ಲಿ ನಾಲ್ವರಲ್ಲಿ ಒಬ್ಬರು, ಗಂಡಸರಲ್ಲಿ ಇಪ್ಪತ್ತರಲ್ಲಿ ಒಬ್ಬರು. ಇಂಥ ಅಂಕಿಗಳನ್ನು ಓದುವಾಗ, ಇವು ತಾರತಮ್ಯದ ಅಳತೆಯಲ್ಲ, ಗ್ರಹಿಕೆಯ ಅಳತೆ ಎಂಬುದನ್ನು ಮರೆಯಬಾರದು. ಗ್ರಹಿಕೆ ತಪ್ಪಬಹುದು, ಎರಡೂ ದಿಕ್ಕಿಗೆ ತಪ್ಪಬಹುದು. ಪ್ರತಿ ತಪ್ಪಿದ ಬಡ್ತಿಗೂ ಹೆಣ್ಣೆಂಬುದೇ ಕಾರಣವಾಗಿರಬೇಕಿಲ್ಲ. ಆದರೆ ಸಂದೇಹವೇ ಒಂದು ಹೊರೆ ಎಂಬುದು ಇದರಾಚೆಗಿನ ಸತ್ಯ. ಗಂಡಸಿಗೆ ಬಡ್ತಿ ತಪ್ಪಿದರೆ ತನ್ನ ಕೆಲಸದ ಬಗ್ಗೆ ಏನೋ ತಿಳಿದಂತಾಗುತ್ತದೆ. ಹೆಂಗಸಿಗೆ, ಇದು ನನ್ನ ಕೆಲಸದ ಮೇಲಿನ ಮಾತೋ ನಾನು ಹೆಣ್ಣೆಂಬುದರ ಮೇಲಿನ ಮಾತೋ ತಿಳಿಯುವುದಿಲ್ಲ. ಬಡ್ತಿ ಸಿಕ್ಕರೂ, ಬೋರ್ಡಿನಲ್ಲಿ ಒಬ್ಬ ಹೆಂಗಸಿರಲಿ ಎಂದು ಕೊಟ್ಟರೇ ಎಂಬ ಅನುಮಾನವನ್ನು ಸುತ್ತಲಿನವರು ಬಿತ್ತುತ್ತಾರೆ.

ಲೈಂಗಿಕ ಕಿರುಕುಳವನ್ನು ಮಾತ್ರ ಲಿಂಗ ತಾರತಮ್ಯವೆಂದು ತಿಳಿಯುವ ತಪ್ಪೂ ವ್ಯಾಪಕವಾಗಿದೆ. ಕಿರುಕುಳದ ವಿರುದ್ಧ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು, ಬಳಿಕ 2013ರ ಕಾಯ್ದೆ ಬಂದ ಮೇಲೆ ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಆಂತರಿಕ ಸಮಿತಿ ಕಡ್ಡಾಯ, ವರ್ಷಕ್ಕೊಮ್ಮೆ ತರಬೇತಿಯೂ ನಡೆಯುತ್ತದೆ. ಅದು ಬಹಳ ದೊಡ್ಡ ಗಳಿಕೆ. ಆದರೆ ಆ ತರಬೇತಿ ಮುಗಿಸಿ ಸಹಿ ಹಾಕಿದ ಸಂಸ್ಥೆಗಳು ಲಿಂಗ ತಾರತಮ್ಯದ ವಿಷಯ ಮುಗಿಯಿತೆಂದು ಭಾವಿಸುತ್ತವೆ. ಸಂಬಳ, ಬಡ್ತಿ, ವಿದೇಶಕ್ಕೆ ಕಳಿಸುವ ಅವಕಾಶ, ಮೀಟಿಂಗಿನಲ್ಲಿ ಯಾರ ಮಾತಿಗೆ ಬೆಲೆ ಎಂಬುವು ಆ ಸಮಿತಿಯ ಮೇಜಿಗೆ ಬರುವುದಿಲ್ಲ, ಮತ್ತು ಅವಕ್ಕೆ ಬೇರೆ ಮೇಜೂ ಇರುವುದಿಲ್ಲ.

ಬಿಡಿಯಾಗಿ ಕಾಣದ್ದು ಒಟ್ಟಾಗಿ ಕಾಣುತ್ತದೆ ಎಂದಾದರೆ, ಒಟ್ಟು ಲೆಕ್ಕವನ್ನು ಬಹಿರಂಗಪಡಿಸುವುದೇ ನೇರ ಉಪಾಯ. ಬ್ರಿಟನ್‌ನಲ್ಲಿ 250 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ಗಂಡಸರ ಮತ್ತು ಹೆಂಗಸರ ಸಂಬಳದ ಅಂತರವನ್ನು ಪ್ರಕಟಿಸಬೇಕೆಂಬ ನಿಯಮ 2017ರಲ್ಲಿ ಬಂತು. ಭಾರತದಲ್ಲಿ ಷೇರುಪೇಟೆಯ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ, ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ಕೊಡಲೇಬೇಕು. ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಗಳೂ ಇದರಲ್ಲಿ ಸೇರಿವೆ. ವರದಿಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ಅದರಲ್ಲಿ ಗಂಡಸರ ಮತ್ತು ಹೆಂಗಸರ ಮಧ್ಯಾಂಕ ಸಂಬಳ, ಅಂದರೆ ಎಲ್ಲರ ಸಂಬಳವನ್ನು ಏರಿಕೆಯ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಅಂಕಿ, ಪಕ್ಕಪಕ್ಕದಲ್ಲಿ ಇರುತ್ತದೆ. ಅದು ಒಂದೇ ಕೆಲಸದ ಇಬ್ಬರನ್ನು ಹೋಲಿಸುವುದಿಲ್ಲ, ಕೆಳಗಿನ ಹುದ್ದೆಗಳಲ್ಲಿ ಹೆಂಗಸರು ಹೆಚ್ಚಿದ್ದರೂ ಅಂತರ ದೊಡ್ಡದಾಗಿ ಕಾಣುತ್ತದೆ; ಆದರೆ ಹೆಂಗಸರು ಕೆಳಗಿನ ಹುದ್ದೆಗಳಲ್ಲೇ ಏಕೆ ಹೆಚ್ಚಿದ್ದಾರೆ ಎಂದು ಕೇಳಲು ಅಷ್ಟು ಸಾಕು. ಅದೇ ವರದಿಯ ಇನ್ನೊಂದು ಪಟ್ಟಿಯಲ್ಲಿ, ಹೆರಿಗೆ ಅಥವಾ ಪಿತೃತ್ವದ ರಜೆ ಪಡೆದವರಲ್ಲಿ ಎಷ್ಟು ಮಂದಿ ಕೆಲಸಕ್ಕೆ ಹಿಂದಿರುಗಿದರು, ಹಿಂದಿರುಗಿದವರಲ್ಲಿ ಎಷ್ಟು ಮಂದಿ ಉಳಿದರು ಎಂಬುದನ್ನು ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆಯಾಗಿ ತೋರಿಸಿರುತ್ತಾರೆ. ಕೆಲಸ ಹುಡುಕುತ್ತಿರುವ ಹೆಣ್ಣುಮಗಳು ಸಂದರ್ಶನಕ್ಕೆ ಹೋಗುವ ಮುನ್ನ ಓದಿಕೊಳ್ಳಬೇಕಾದ ಪಟ್ಟಿ ಅದು.